ಉಪ್ಪಿದ್ದ ಹದಿನಾರು ಪುಟ

ರಟ್ಟಣ್ಣನ ಮನೆಯಲ್ಲಿ ಎರಡು ಕಪಾಟು ತುಂಬ ಪುಸ್ತಕಗಳಿದ್ದವು. ಪೂರ್ತಿ ಇದ್ದದ್ದು ಮಾತ್ರ ಒಂದೂ ಇಲ್ಲ.

ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಕಸುಬು. ಬೀದಿಯವರೆಲ್ಲ ರಟ್ಟಣ್ಣ, ರಟ್ಟಣ್ಣ ಎಂದು ಕೂಗಿ ಕೂಗಿ ಅವನ ನಿಜವಾದ ಹೆಸರು ಅವನಿಗೇ ಅಪರೂಪವಾಗಿತ್ತು. ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಗಳನ್ನು, ಅಂದರೆ ತಲೆಕೆಳಗಾಗಿ ಹೊಲಿದದ್ದು, ಅಂಟು ಚೆಲ್ಲಿದ್ದು, ನಡುವೆ ಪುಟ ಬಿಟ್ಟುಹೋದದ್ದು, ಇಂಥವನ್ನು ರದ್ದಿಗೆ ಹಾಕಲು ಅವನಿಗೆ ಮನಸ್ಸು ಬಾರದು. ಕಂಕುಳಲ್ಲಿ ಇರುಕಿಕೊಂಡು ಮನೆಗೆ ತರುತ್ತಿದ್ದ. ಕುಂಬಾರನ ಮನೆಯಲ್ಲಿ ಸೀಳುಬಿಟ್ಟ ಮಡಕೆಯಲ್ಲೇ ನೀರು ಕುಡಿಯುತ್ತಾರಲ್ಲ, ಹಾಗೆ.

ತಂದು ಕೊಡುವಾಗ ಕುಂದೇನು ಎಂದು ಹೇಳಿಯೇ ಕೊಡುತ್ತಿದ್ದ. "ಇದಕ್ಕೆ ಕೊನೆ ಇಲ್ಲ." "ಇದರಲ್ಲಿ ಮದುವೆ ಆಗೋದು ಎರಡು ಸಲ ಬರುತ್ತೆ, ಗಾಬರಿ ಆಗಬೇಡ." ಹೆಂಡತಿ ಅದನ್ನು ತೆಗೆದುಕೊಂಡು ಓದುವಳು, ಇಲ್ಲದ ಭಾಗವನ್ನು ತಾನೇ ಕಟ್ಟುವಳು. ರಾತ್ರಿ ಅವನು ಉಣ್ಣುತ್ತ ಕೂತರೆ ಎದುರಿಗೆ ಕೂತು ಹೇಳುವಳು. ಕಡೆಯ ಪುಟಗಳಿಲ್ಲದ ಒಂದು ಪತ್ತೇದಾರಿ ಕತೆಯಿತ್ತು. ಅದರ ಕೊಲೆಗಾರನನ್ನು ಅವಳು ಎಷ್ಟು ಬಗೆಯಲ್ಲಿ ಹಿಡಿದಿದ್ದಳೋ ಲೆಕ್ಕವಿಲ್ಲ. ಮನೆಯ ಮಾಲೀಕ ಬಾಡಿಗೆ ಏರಿಸಿದ ವಾರ ಕೊಲೆಗಾರನೂ ಒಬ್ಬ ಮನೆ ಮಾಲೀಕನೇ ಆಗಿದ್ದ. ಇಷ್ಟು ವರ್ಷ ರಟ್ಟಣ್ಣನ ಊಟ ಇಳಿದದ್ದು ಈ ಕತೆಗಳ ಜೊತೆಗೆ. ಇವಳು ಬರೆದವನಿಗಿಂತ ಚೆನ್ನಾಗಿ ಮುಗಿಸುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಹೀಗಿರುವಾಗ ಅವಳು ಒಂದು ದಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮನೆ ಇದ್ದದ್ದು ಮಹಡಿಯಲ್ಲಿ.

"ಮಂಡಿ ಮಾತಾಡ್ತಿದೆ ರೀ. ಮೈ ಭಾರ ಆಗಿದೆ."

ಆ ಹೊತ್ತಿಗೆ ಅಂಗಡಿಗೆ ಒಂದು ಹೊಸ ಪುಸ್ತಕದ ಕೆಲಸ ಬಂದಿತ್ತು. ಹಸಿರು ರಟ್ಟು. ಆರೋಗ್ಯವಾಗಿ ಉಣ್ಣುವುದು ಹೇಗೆ ಎಂದು ಹೇಳುವ ಪುಸ್ತಕ. ಹಿಂದುಗಡೆ ಬರೆದವನ ಚಿತ್ರ, ಕೈಕಟ್ಟಿ ನಿಂತು ಹಲ್ಲೆಲ್ಲ ತೋರಿಸುತ್ತಿದ್ದ. ಕೆಲಸ ಮುಗಿದಾಗ ರಟ್ಟು ಓರೆಯಾಗಿ ಕೂತ ಒಂದು ಪ್ರತಿ ಉಳಿಯಿತು. ರಟ್ಟಣ್ಣ ಅದನ್ನು ತಂದು ಹೆಂಡತಿಯ ಮಡಿಲಿಗೆ ಹಾಕಿದ.

"ತಗೋ. ಇದು ಪೂರ್ತಿ ಇದೆ. ರಟ್ಟು ಮಾತ್ರ ಓರೆ."

"ಪೂರ್ತೀನಾ? ನಮ್ಮನೆಗೆ?"

"ನಾನೇ ಹೊಲಿದದ್ದು ಕಣೇ. ನಾನೇ ಹೇಳ್ತಿದೀನಲ್ಲ."

ಅವಳು ಎದ್ದು ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಓದಲು ಕೂತಳು. ಮನೆಗೆ ಬಂದ ಮೊದಲನೆಯ ಪೂರ್ತಿ ಪುಸ್ತಕ ಅದು. ಅದಕ್ಕೆ ಆ ಮರ್ಯಾದೆ.

ಪುಸ್ತಕ ಹೇಳುವುದು ನೇರವಾಗಿತ್ತು. ಉಪ್ಪು ಬೇಡ, ಸಕ್ಕರೆ ಬೇಡ, ಎಣ್ಣೆ ಬೆಣ್ಣೆ ಬೇಡ, ಹಾಲು ಬೇಡ, ಕಾಳುಕಡಿ ಬೇಡ. ಬರೀ ಬೇಯಿಸಿದ ತರಕಾರಿ, ಮೇಲೆ ಚೊಂಬುಗಟ್ಟಲೆ ಬಿಸಿನೀರು. ಇದಕ್ಕೆ ಶುದ್ಧಿಯ ಊಟ ಎಂದು ಹೆಸರು. ಮೊದಮೊದಲು ನಿಶ್ಶಕ್ತಿ ಕಂಡರೆ ಹೆದರಬಾರದು, ಅದು ಶುದ್ಧಿಯ ಗುರುತು ಎಂದೂ ಬರೆದಿತ್ತು. ಕೊನೆಗೆ ಅವಳು ಗಟ್ಟಿಯಾಗಿ ಓದಿದಳು: "'ಈ ಬಗೆಯ ಊಟವನ್ನು...'" ಎದುರಿನ ಪುಟಕ್ಕೆ ಬಂದಳು. "'...ಜೀವನಪರ್ಯಂತ ಬಿಡದೆ ನಡೆಸಿಕೊಂಡು ಹೋಗಬೇಕು.'"

"ಜೀವನಪರ್ಯಂತಾನಾ?" ಎಂದ ರಟ್ಟಣ್ಣ.

"ಬರೆದಿದೆಯಲ್ಲ. ಪೂರ್ತಿ ಪುಸ್ತಕ ಅಂತ ನೀವೇ ಹೇಳಿದ್ದು."

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಮೈ ಹಗುರಾಯಿತು. ಮೆಟ್ಟಿಲನ್ನು ನಿಲ್ಲದೆ ಹತ್ತಿದಳು. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ರಟ್ಟಣ್ಣನ ಅಕ್ಕ, ಎಲ್ಲರಿಗೂ ದೊಡ್ಡಕ್ಕ, ಅವಳು ಕೂಡ "ಏನೇ ಹುಡುಗಿ, ಮತ್ತೆ ಮದುವಣಗಿತ್ತಿ ಆಗ್ತಿದೀಯಾ?" ಎಂದು ರೇಗಿಸಿದಳು. ಗಂಡನಿಗೆ ಮಾತ್ರ ಎಂದಿನ ಅಡುಗೆಯನ್ನೇ ಬೇರೆ ಮಾಡಿ ಹಾಕುತ್ತಿದ್ದಳು. ಆದರೆ ರುಚಿ ನೋಡುವ ಹಾಗಿಲ್ಲವಲ್ಲ. ಕೈ ಅಂದಾಜು ತಪ್ಪಿತು. ಒಂದು ದಿನ ಉಪ್ಪಿನ ಸಮುದ್ರ, ಒಂದು ದಿನ ಸಪ್ಪೆ ಕೆರೆ. ರಟ್ಟಣ್ಣ ತುಟಿಪಿಟಕ್ಕೆನ್ನದೆ ಉಂಡ. ಅವಳ ಮಂಡಿ ಸುಮ್ಮನಾಗಿದೆಯಲ್ಲ, ತನ್ನ ನಾಲಿಗೆಯೂ ಸುಮ್ಮನಿರಲಿ ಎಂದುಕೊಂಡ.

ಆಮೇಲೆ ಕತೆ ನಿಂತಿತು.

ಅದು ಯಾವತ್ತು ನಿಂತಿತೋ ಅವನಿಗೂ ಗೊತ್ತಾಗಲಿಲ್ಲ. ಊಟಕ್ಕೆ ಕೂತರೆ ಅವಳು ಬಿಸಿನೀರಿನ ಲೋಟ ಹಿಡಿದು ಗೋಡೆ ನೋಡುತ್ತಿದ್ದಳು. "ಆ ಪತ್ತೇದಾರಿ ಏನಾದ?" ಎಂದು ಇವನೇ ಕೆದಕಿದ.

"ಎಲ್ಲಿಗೆ ಬಿಟ್ಟಿದ್ದೆ ಅಂತ ನೆನಪಾಗ್ತಿಲ್ಲ ರೀ. ನಾಳೆ ಹೇಳ್ತೀನಿ."

ನಾಳೆಯೂ ಅದೇ ಮಾತು. ಒಲೆಯ ಮೇಲೆ ಹಾಲಿಟ್ಟು ಮರೆತಳು. ಬೀಗದ ಕೈಯನ್ನು ಕೈಯಲ್ಲೇ ಹಿಡಿದು ಮನೆಯೆಲ್ಲ ಹುಡುಕಿದಳು. ಕತ್ತಿನ ಕೆಳಗೆ ಎಲುಬು ಎದ್ದು, ಪಕ್ಕದಲ್ಲಿ ಒಂದು ಗುಳಿ ಬಿತ್ತು. ಆ ಗುಳಿಯನ್ನು ರಟ್ಟಣ್ಣ ಹಿಂದೆ ಒಮ್ಮೆ ನೋಡಿದ್ದ. ಅವಳ ತಾಯಿ ಹೀಗೇ ಸೊರಗುತ್ತ ಹೋಗಿ, ಕಿಟಕಿಯ ಪಕ್ಕ ಕೂತು, ಏನು ಕೊಟ್ಟರೂ ಬೇಡ ಎಂದು ಬರೀ ಬಿಸಿನೀರು ಕೇಳುತ್ತಿದ್ದರು. ಒಳಗೆ ಬೆಳೆದಿದ್ದ ಗಡ್ಡೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. ಎಷ್ಟೋ ವರ್ಷದ ಹಿಂದಿನ ಮಾತು, ಆದರೂ ಆ ಕಿಟಕಿ, ಆ ಲೋಟ ಅವನ ಕಣ್ಣಿಗೆ ಕಟ್ಟಿದಂತೆಯೇ ಇದ್ದವು. ಅವನು ಬಾಯಿಬಿಟ್ಟು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ದೊಡ್ಡಕ್ಕನೇ ಕೇಳಿದಳು. "ಏ ತಮ್ಮ, ಇವಳ ಬಟ್ಟೆ ಬಿಗಿ ಮಾಡಿ ಮಾಡಿ ನನ್ನ ಸೂಜಿ ಸವೀತು. ಓದಿ ತಲೆ ತುಂಬಿಸ್ಕೊಳ್ಳೋರನ್ನ ನೋಡಿದೀನಿ. ಓದಿ ಹೊಟ್ಟೆ ಖಾಲಿ ಮಾಡ್ಕೊಂಡೋಳು ಇವಳೊಬ್ಬಳೇ."

"ಅತ್ತಿಗೆ, ಸುಮ್ನಿರಿ. ನಿಶ್ಶಕ್ತಿ ಶುದ್ಧಿಯ ಗುರುತು ಅಂತ ಇದೆ ಪುಸ್ತಕದಲ್ಲಿ."

"ಹಾಗಾದ್ರೆ ಪೂರ್ತಿ ಶುದ್ಧಿ ಆಗೋದು ಮಸಣದಲ್ಲೇ" ಎಂದುಬಿಟ್ಟಳು ದೊಡ್ಡಕ್ಕ. ಅಂದಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ರಟ್ಟಣ್ಣ ಓಡಿ ಬಂದರೆ ಅವಳು ಗೋಡೆಗೆ ಒರಗಿಕೊಂಡು ಹಾಗೇ ನೆಲಕ್ಕೆ ಜಾರಿದ್ದಳು. ಕಣ್ಣು ಬಿಟ್ಟಿದ್ದಳು, ಆದರೆ ಇವನನ್ನು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಎತ್ತಿ ಕೂರಿಸಿದ. ದಿನವೂ ಹೊರುವ ಹಾಳೆಯ ಕಟ್ಟಿಗಿಂತ ಹಗುರವಾಗಿದ್ದಳು.

ಪಕ್ಕದ ಬೀದಿಯ ಡಾಕ್ಟರಮ್ಮ ನಾಡಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ತಾಯಿಯ ಕಾಯಿಲೆಯ ವಿಷಯ ಕೇಳಿ ಬರೆದುಕೊಂಡರು. ರಕ್ತ ತೆಗೆದರು, ಹೊಟ್ಟೆಯ ಚಿತ್ರ ತೆಗೆಸಿದರು. "ನಾಳೆ ಬೆಳಿಗ್ಗೆ ಬನ್ನಿ. ಅಲ್ಲೀವರೆಗೆ ನೀರು ಕಡಿಮೆ ಕುಡೀರಿ, ಒಬ್ಬರೇ ಎದ್ದು ಓಡಾಡಬೇಡಿ" ಎಂದರು.

ಆ ದಿನ ರಟ್ಟಣ್ಣ ಅಂಗಡಿಗೆ ಹೋಗಿ, ಹೊಲಿಯಲು ಕೂತು, ಹೆಬ್ಬೆರಳಿಗೆ ಸೂಜಿ ಚುಚ್ಚಿಕೊಂಡು ಎದ್ದು ಬಂದ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹೋಗಿ ಕುರ್ಚಿಯನ್ನು ಅಲ್ಲಿಂದ ಈಚೆ ಎಳೆದ.

"ಯಾಕ್ರೀ?"

"ಅಲ್ಲಿ ಗಾಳಿ."

"ಗಾಳಿ ಎಲ್ಲಿದೆ?" ಅವಳು ಅವನ ಮುಖವನ್ನೇ ನೋಡಿದಳು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು ಅಲ್ವಾ?"

"ನಿಮ್ಮಮ್ಮನ ವಿಷಯ ಬೇರೆ" ಎಂದ. ಕುರ್ಚಿಯನ್ನು ಇನ್ನೊಂದು ಗೇಣು ಈಚೆ ಎಳೆದ.

ಮಾರನೆಯ ಬೆಳಿಗ್ಗೆ ಮೂವರೂ ಹೋದರು. ಡಾಕ್ಟರಮ್ಮ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಾತಿನ ಮಲ್ಲಿ ದೊಡ್ಡಕ್ಕ ಸೆರಗಿನ ತುದಿ ತಿರುಚುತ್ತ ಕೂತಿದ್ದಳು.

"ನೀವು ಹೆದರಿದ್ರಲ್ಲ, ಆ ಥರದ್ದು ಏನೂ ಇಲ್ಲ."

ಇದಾದ ಮೇಲೆ ಡಾಕ್ಟರಮ್ಮ ಬಹಳ ಹೇಳಿದರು. ರಟ್ಟಣ್ಣನಿಗೆ ಒಂದೂ ಕೇಳಿಸಲಿಲ್ಲ. 'ಏನೂ ಇಲ್ಲ' ಎಂಬುದೊಂದೇ ಕಿವಿಯೊಳಗೆ ಕೂತಿತ್ತು. ಮೇಜಿನ ಮೇಲೆ ಒಂದು ನೊಣ ಕಾಲು ಉಜ್ಜಿಕೊಳ್ಳುತ್ತಿತ್ತು. ಅದನ್ನೂ ಪ್ರೀತಿಯಿಂದ ನೋಡಿದ. ದೊಡ್ಡಕ್ಕ ಮೊಣಕೈಯಿಂದ ತಿವಿದಾಗ ಈ ಲೋಕಕ್ಕೆ ಬಂದ.

"...ರಕ್ತದಲ್ಲಿ ಉಪ್ಪು ತೀರಾ ಇಳಿದಿದೆ. ಮರೆವು, ತಲೆಸುತ್ತು ಎಲ್ಲ ಅದರಿಂದಲೇ. ಊಟ ಸಾಲದು, ಮೇಲೆ ಹೊಟ್ಟೆ ತುಂಬ ನೀರು. ಏನಮ್ಮ, ಮನೇಲಿ ಏನು ತಿಂತೀರಿ?"

ಅವಳು ಹೇಳಿದಳು.

"ಓ, ಆ ಹಸಿರು ಪುಸ್ತಕಾನಾ? ಇಲ್ಲಿ ಬರೋರಲ್ಲಿ ಅರ್ಧ ಜನ ಓದಿದಾರೆ. ನಂಗೇನೂ ಅದು ಹಿಡಿಸಲ್ಲ. ಆದ್ರೂ ಅದು ಒಂದು ವಾರದ ಮಾತಲ್ವಾ? ನೀವ್ಯಾಕೆ ತಿಂಗಳುಗಟ್ಟಲೆ ಹಿಡ್ಕೊಂಡ್ರಿ?"

"ವಾರ ಅಲ್ಲ ಡಾಕ್ಟರಮ್ಮ. ಜೀವನಪರ್ಯಂತ."

"ಒಂದು ವಾರ ಅಮ್ಮ."

"ನಾನು ಓದಿದೀನಿ" ಎಂದಳು. ನಿಶ್ಶಕ್ತಿಯಲ್ಲೂ ಹಟ ಬಿಡಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ಪುಟ ಹುಡುಕಿ, ಓದಿ ತೋರಿಸಿದಳು. ಈ ಬಗೆಯ ಊಟವನ್ನು ಜೀವನಪರ್ಯಂತ ಬಿಡದೆ ನಡೆಸಿಕೊಂಡು ಹೋಗಬೇಕು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. ಹಾಗೇ ಇತ್ತು.

"ಇಲ್ಲಿ ಕೊಡು" ಎಂದ ರಟ್ಟಣ್ಣ.

ಪುಸ್ತಕವೆಂದರೆ ಬಿಡಿ ಹಾಳೆಗಳನ್ನು ಸೇರಿಸಿದ್ದಲ್ಲ. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗಿ ಬರುತ್ತದೆ. ಅದನ್ನು ಮಡಿಸಿದರೆ ಒಂದು ಫಾರಂ. ಫಾರಂ ಮೇಲೆ ಫಾರಂ ಇಟ್ಟು ಹೊಲಿಯಬೇಕು. ಯಾವುದು ಎಷ್ಟನೆಯದು ಎಂದು ತಿಳಿಯಲು ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಂಕಿ ಇರುತ್ತದೆ. ಓದುವವರು ಅದನ್ನು ನೋಡುವುದಿಲ್ಲ, ರಟ್ಟು ಕಟ್ಟುವವರು ಅದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ರಟ್ಟಣ್ಣ ಹೆಬ್ಬೆರಳಿನಿಂದ ಹಾಳೆ ಸರಿಸಿದ. ಒಂದು. ಎರಡು. ನಾಲ್ಕು.

ಮತ್ತೆ ಹಿಂದಿನಿಂದ ಸರಿಸಿದ. ನಾಲ್ಕು. ಎರಡು. ಒಂದು.

"ಮೂರಿಲ್ಲ" ಎಂದ.

ಎಂಥ ಪುಸ್ತಕದಲ್ಲೂ ಪುಟ ಬಿಟ್ಟುಹೋದರೆ ಓದುವಾಗ ಕಾಲು ಎಡವುತ್ತದೆ, ಮಾತು ಕೂಡುವುದಿಲ್ಲ. ಇದರಲ್ಲಿ ಎರಡನೆಯ ಫಾರಂನ ಕೊನೆಯ ಮಾತಿಗೆ ನಾಲ್ಕನೆಯದರ ಮೊದಲ ಮಾತು ಬೀಗಕ್ಕೆ ಕೀಲಿ ಕೂತ ಹಾಗೆ ಕೂತುಬಿಟ್ಟಿತ್ತು. ಮಾತು ಕೂಡಿದ ಮೇಲೆ ಪುಟದ ಅಂಕಿಯನ್ನು ಯಾರು ನೋಡುತ್ತಾರೆ?

ಮೊದಲು ನಕ್ಕದ್ದು ದೊಡ್ಡಕ್ಕ. "ಅಯ್ಯೋ ನಿನ್ನ ಕಸುಬು ಬಂಗಾರವಾಗ! ಲೋಕದೋರಿಗೆಲ್ಲ ಸರಿಯಾಗಿ ಹೊಲಿದು ಕೊಟ್ಟೆ, ಹೆಂಡ್ತಿಗೆ ಹೊಲಿದ ಒಂದೇ ಒಂದು ಪೂರ್ತಿ ಪುಸ್ತಕ, ಅದಕ್ಕೂ ಹೊಟ್ಟೆ ಕೊಯ್ದೆಯಲ್ಲೋ!"

ರಟ್ಟಣ್ಣ ತಲೆ ಎತ್ತಲಿಲ್ಲ. ಹೆಂಡತಿ ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ, ಡಾಕ್ಟರಮ್ಮನ ಕಡೆ ತಿರುಗಿದಳು.

"ಅಂದ್ರೆ, ನಂಗೆ ಅಮ್ಮನ ಕಾಯಿಲೆ ಇಲ್ಲ?"

"ಇಲ್ಲಮ್ಮ."

"ಇಲ್ಲದೇ ಇರೋದು ಹದಿನಾರು ಪುಟ. ಅಷ್ಟೇನಾ?"

"ಅಷ್ಟೇ."

ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣೀರು ಬಂತು, ಅದನ್ನು ಒರೆಸಿಕೊಳ್ಳುತ್ತ ಮತ್ತೆ ನಕ್ಕಳು. ರಟ್ಟಣ್ಣ ಕಿಟಕಿಯ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡ. ಡಾಕ್ಟರಮ್ಮ ಏನೂ ಕಾಣದವರ ಹಾಗೆ ಬರೆಯುತ್ತ, ಎಷ್ಟು ಉಣ್ಣಬೇಕು, ಎಷ್ಟು ನೀರು ಕುಡಿಯಬೇಕು, ಉಪ್ಪನ್ನು ಹೇಗೆ ನಿಧಾನವಾಗಿ ಹೆಚ್ಚಿಸಬೇಕು ಎಂದು ಹೇಳಿ, ಎರಡು ದಿನಕ್ಕೊಮ್ಮೆ ಬಂದು ರಕ್ತ ಕೊಡಬೇಕು ಎಂದು ಗದರಿಸಿ ಕಳಿಸಿದರು.

ಹೊರಗೆ ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಅದು ಬೆಳಿಗ್ಗೆಯೂ ಬಿದ್ದಿರಬೇಕು. ಅವರು ಈಗ ನೋಡಿದರು. ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ. ಹೆಂಡತಿ ಬಾಗಿಲ ಹತ್ತಿರ ನಿಂತಳು.

"ಬೀಗ ತೆಗೀರಿ. ಆ ಮೂರನೇದರಲ್ಲಿ ಏನಿದೆ ಅಂತ ನೋಡದೆ ನಾನು ಬರಲ್ಲ."

"ಈಗ ಎಲ್ಲಿ ಹುಡುಕೋದು?" ಎಂದವನು ಬೀಗಕ್ಕೆ ಕೀಲಿ ಹಾಕುತ್ತಲೇ ತಡೆದು ನಿಂತ. ನೆನಪಾಯಿತು. ಎಲ್ಲ ಪ್ರತಿ ಹೊಲಿದು ಮುಗಿದ ಮೇಲೆ ಒಂದು ಫಾರಂ ಹೆಚ್ಚಾಗಿ ಉಳಿದಿತ್ತು. ಒಂದು ಕಡೆ ಹೆಚ್ಚು ಉಳಿದರೆ ಇನ್ನೊಂದು ಕಡೆ ಕಡಿಮೆ ಬಿದ್ದಿದೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಪುಸ್ತಕಗಳನ್ನು ಅದುಮಿಡುವ ಕಬ್ಬಿಣದ ಪ್ರೆಸ್ಸಿನ ಒಂದು ಕಾಲು ಗಿಡ್ಡ. ಅದು ಅಲುಗಾಡದಿರಲಿ ಎಂದು ಆ ಫಾರಮನ್ನೇ ಮಡಿಸಿ ಕಾಲ ಕೆಳಗೆ ತುರುಕಿದ್ದ.

ದೊಡ್ಡಕ್ಕ ಒಂದು ಮರದ ತುಂಡು ಕೊಟ್ಟು ಮೀಟಿದಳು. "ಎತ್ತೋ, ನಿನ್ನೆ ಹೆಂಡ್ತೀನ ಎತ್ತಿದೀಯಲ್ಲ." ರಟ್ಟಣ್ಣ ಎಳೆದ. ಬಂತು. ಧೂಳು, ಅಂಟಿನ ಕಲೆ, ನಡುವೆ ಪ್ರೆಸ್ಸಿನ ಕಾಲಿನ ದುಂಡು ಅಚ್ಚು. ಹೆಂಡತಿ ಅದನ್ನು ಬಿಡಿಸಿಕೊಂಡು, ಹಾಳೆಯ ಕಟ್ಟಿನ ಮೇಲೆ ಕೂತು ಓದಿದಳು.

"'ಒಂದು ವಾರಕ್ಕಿಂತ ಹೆಚ್ಚು ಮುಂದುವರಿಸಬಾರದು. ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.'" ಮುಂದೆ ಉಪ್ಪು ಎಷ್ಟು, ಎಣ್ಣೆ ಎಷ್ಟು, ಕಾಳು ಎಷ್ಟು ಎಂದು ಎಲ್ಲ ಇತ್ತು. ಎಲ್ಲ ಊಟವೂ ಆ ಹದಿನಾರು ಪುಟದಲ್ಲೇ ಇತ್ತು. ಕಟ್ಟಕಡೆಗೆ: "'ಊಟದ ನಂತರದ ಸಣ್ಣ ನಡಿಗೆಯನ್ನು...'"

"ಜೀವನಪರ್ಯಂತ ಬಿಡದೆ" ಎಂದಳು ದೊಡ್ಡಕ್ಕ.

"ನಡಿಗೆ ರೀ! ಜೀವನಪರ್ಯಂತ ಮಾಡಬೇಕಾದ್ದು ನಡಿಗೆ!"

"ತಪ್ಪು ನಂದೇ ಕಣೇ" ಎಂದ ರಟ್ಟಣ್ಣ. "ಪೂರ್ತಿ ಇದೆ ಅಂದೆ. ನೋಡದೆ ಅಂದೆ."

"ನಿಮ್ಮದು ನಿಮಗಿರಲಿ. ಹಾಗಂತ ಬರೆದವನನ್ನ ನಾನು ಬಿಡಲ್ಲ." ಅವಳು ಪುಸ್ತಕವನ್ನು ಮಗುಚಿ, ಹಲ್ಲು ತೋರಿಸುತ್ತಿದ್ದವನ ಎದುರಿಗೆ ನೆಟ್ಟಗೆ ಕೂತಳು. "ಅಲ್ಲಪ್ಪಾ, ಎರಡು ಫಾರಂ ಉದ್ದಕ್ಕೂ ಅದು ಬಿಡು ಇದು ಬಿಡು, ನಿಶ್ಶಕ್ತಿ ಆದ್ರೆ ಹೆದರಬೇಡ ಅಂತ ಧೈರ್ಯ ತುಂಬಿದೆ. ತಲೆಸುತ್ತು ಬಂದ್ರೆ ನಿಲ್ಲಿಸು ಅನ್ನೋದನ್ನ ಮೂರನೇದರಲ್ಲಿ ಹೇಳ್ತೀಯಾ? ಬಾವಿಗೆ ಇಳಿಸಿ ಆಮೇಲೆ ಈಜು ಬರುತ್ತಾ ಅಂತ ಕೇಳ್ತೀಯಾ?"

"ಹೇಳೇ ಹುಡುಗಿ, ಹೇಳು" ಎಂದಳು ದೊಡ್ಡಕ್ಕ, ಇನ್ನೊಂದು ಕಟ್ಟಿನ ಮೇಲೆ ಕೂರುತ್ತ.

"ಇನ್ನೊಂದು. ಇವನ ಪುಸ್ತಕದಲ್ಲಿ ಎಲ್ಲರೂ ಒಬ್ಬೊಬ್ಬರೇ ಕೂತು ತಿಂತಾರೆ. ಗಂಡ ಇಲ್ಲ, ಅತ್ತಿಗೆ ಇಲ್ಲ, ಬಂದವರು ಹೋದವರು ಇಲ್ಲ. ಯಾರು ಬೇಯಿಸ್ತಾರೆ, ಬೇಯಿಸೋಳು ರುಚಿ ನೋಡದೆ ಹೇಗೆ ಬಡಿಸ್ತಾಳೆ, ಅದರ ಸುದ್ದಿಯೇ ಇಲ್ಲ. ರುಚಿ ಅನ್ನೋ ಮಾತು ಎಲ್ಲಿ ಬಂದ್ರೂ ಅದರ ಹಿಂದೆ ಶತ್ರು ಅಂತ ಇದೆ."

"ಅವನಿಗೆ ಯಾರೋ ಕೆಟ್ಟ ಅಡುಗೆ ಹಾಕಿರಬೇಕು ಪಾಪ."

"ಒಳ್ಳೇದಿಲ್ಲ ಅನ್ನಲ್ಲ ಅತ್ತಿಗೆ. ಅಗಿದು ತಿನ್ನಿ, ಹೊಟ್ಟೆ ಬಿರಿಯೋ ಹಾಗೆ ತಿನ್ನಬೇಡಿ, ನಡೀರಿ ಅಂತ ಇದೆ. ಸಕ್ಕರೆ ಬಿಟ್ಟಿದ್ದರಿಂದ ನಂಗೆ ಹಿತ ಆಯ್ತು, ಅದನ್ನ ಉಳಿಸ್ಕೊಳ್ತೀನಿ. ಆದ್ರೆ ಇದೆಲ್ಲ ನಮ್ಮಜ್ಜಿಗೂ ಗೊತ್ತಿತ್ತು. ಅವಳು ಅದಕ್ಕೆ ರಟ್ಟು ಹಾಕಿಸಿರಲಿಲ್ಲ, ಅಷ್ಟೇ."

ಪುಸ್ತಕ ಮುಚ್ಚಿ ಗಂಡನ ಕಡೆ ನೋಡಿದಳು. "ನಂದೂ ಇದೆ ಬಿಡಿ. ಅರ್ಧ ಪುಸ್ತಕ ತಂದಾಗೆಲ್ಲ ಉಳಿದರ್ಧಕ್ಕೆ ನನ್ನ ಬುದ್ಧಿ ಹಾಕ್ತಿದ್ದೆ. ನೀವು ಪೂರ್ತಿ ಅಂದ್ರಿ, ಬುದ್ಧೀನ ಎತ್ತಿ ಕಪಾಟಲ್ಲಿಟ್ಟೆ."

ಮನೆಗೆ ಬಂದು ಆಲೂಗಡ್ಡೆ ಬೇಯಲು ಇಟ್ಟಳು. ದೊಡ್ಡಕ್ಕ ತಾನು ಮಾಡುತ್ತೇನೆಂದರೂ ಕೇಳದೆ, ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತೇ ಮಾಡಿದಳು. ಈರುಳ್ಳಿ ಹುರಿದ ವಾಸನೆ ಮೆಟ್ಟಿಲವರೆಗೆ ಹೋಯಿತು. ಒಂದು ತುಂಡು ಬೆಣ್ಣೆ. ಡಾಕ್ಟರಮ್ಮ ಹೇಳಿದಷ್ಟೇ ಉಪ್ಪು, ಬೆರಳ ತುದಿಯಲ್ಲಿ. ಸೌಟಿನಿಂದ ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ರಟ್ಟಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮುಚ್ಚಿದ ಕಣ್ಣಿಗೆ ಅವನು ಹೆದರಲಿಲ್ಲ.

ಆಮೇಲೆ ಅವನ ತಟ್ಟೆಯಿಂದ ಬೆಳಗಿನ ಅಡುಗೆಯ ಒಂದು ತುತ್ತು ಬಾಯಿಗೆ ಹಾಕಿಕೊಂಡವಳು ಮುಖ ಕಿವುಚಿದಳು. "ಥೂ! ಇದನ್ನಾ ಇಷ್ಟು ದಿನ ಉಂಡಿದ್ದು? ಒಂದು ಮಾತು ಹೇಳಬಾರದಿತ್ತಾ?"

"ನೀನು ಹಾಕಿದ್ದು" ಎಂದ ಅವನು.

"ಪುಸ್ತಕ ನೀವು ಕೊಟ್ಟಿದ್ದು ಅಂತ ನಾನು ನುಂಗಿದೆ, ಊಟ ನಾನು ಹಾಕಿದ್ದು ಅಂತ ನೀವು ನುಂಗಿದ್ರಿ. ಚೆನ್ನಾಗಿದೆ ಜೋಡಿ."

ದಿನ ಕಳೆದಂತೆ ರಕ್ತದ ಉಪ್ಪು ಏರಿತು, ಕತ್ತಿನ ಗುಳಿ ತುಂಬುತ್ತ ಬಂತು. ದೊಡ್ಡಕ್ಕ ಬಿಗಿ ಮಾಡಿದ್ದ ಹೊಲಿಗೆಗಳನ್ನೆಲ್ಲ ಬೈದುಕೊಂಡೇ ಬಿಚ್ಚಿದಳು. ರಟ್ಟಣ್ಣ ಆ ಪುಸ್ತಕವನ್ನು ಅಂಗಡಿಗೆ ಒಯ್ದು, ರಟ್ಟು ಕಿತ್ತು, ದಾರ ಬಿಚ್ಚಿ ಹೊಸದಾಗಿ ಹೊಲಿದ. ಈ ಸಲ ರಟ್ಟು ನೆಟ್ಟಗೆ ಕೂತಿತು. ಸಂಜೆ ತಂದು ಕೊಟ್ಟಾಗ ಅವಳು ತೆರೆದು ನೋಡಿದಳು. ಮೊದಲ ಪುಟದಲ್ಲೇ ಪ್ರೆಸ್ಸಿನ ಕಾಲಿನ ದುಂಡು ಅಚ್ಚು. ಪುಸ್ತಕ ಮೂವತ್ತಮೂರನೆಯ ಪುಟದಿಂದ ಶುರುವಾಗುತ್ತಿತ್ತು.

"ಇದೇನ್ರೀ, ಮತ್ತೆ ತಪ್ಪಿದ್ರಿ! ಮೂರನೇದು ಮುಂದೆ ಬಂದಿದೆ."

"ತಪ್ಪಿಲ್ಲ. ಅದು ಇರಬೇಕಾದ್ದು ಅಲ್ಲೇ."

ಅವಳು ಪುಸ್ತಕವನ್ನು ಕಪಾಟಿನಲ್ಲಿ, ಕೊನೆಯಿಲ್ಲದ ಪತ್ತೇದಾರಿ ಕತೆಯ ಪಕ್ಕಕ್ಕೆ ಇಟ್ಟಳು. ಅದೂ ಈಗ ಮನೆಯ ಉಳಿದ ಪುಸ್ತಕಗಳ ಜಾತಿಗೆ ಸೇರಿತು. ತಟ್ಟೆಗಳನ್ನು ತಂದು ತನಗೂ ಬಡಿಸಿಕೊಂಡು ಎದುರಿಗೆ ಕೂತಳು. ಒಂದು ತುತ್ತು ಅಗಿಯುತ್ತ ಇದ್ದವಳು ತಟ್ಟನೆ ಕೈ ಎತ್ತಿದಳು.

"ಈ ಸಲ ಕೊಲೆಗಾರ ಯಾರು ಗೊತ್ತಾ?"

ರಟ್ಟಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಎಷ್ಟು ದಿನದಿಂದ ಕಾದ ಮಾತು. "ಮನೆ ಮಾಲೀಕ?" ಎಂದ ಮೆಲ್ಲಗೆ.

"ಅಲ್ಲ. ಆ ಮನೆಗೆ ಒಬ್ಬ ಬರ್ತಾನೆ. ಕೈ ಕಟ್ಟಿರ್ತಾನೆ, ಹಲ್ಲೆಲ್ಲ ತೋರಿಸ್ತಿರ್ತಾನೆ. ವಿಷ ಹಾಕೋದಿಲ್ಲ ಅವನು, ಮನೇಲಿದ್ದ ಉಪ್ಪಿನ ಡಬ್ಬ ಬಚ್ಚಿಡ್ತಾನೆ. ಯಾರಿಗೂ ಅನುಮಾನ ಬರಲ್ಲ. ಆದ್ರೆ ಆ ಮನೆ ಅಡುಗೆಯೋಳು ಇದಾಳಲ್ಲ..."

"ಹೂಂ?"

"ಉಣ್ರೀ ಮೊದಲು. ಆರಿಹೋಗುತ್ತೆ. ಉಪ್ಪು ಸರಿಯಾಗಿದೆಯಾ?"

"ಸರಿಯಾಗಿದೆ" ಎಂದು ರಟ್ಟಣ್ಣ ಇನ್ನೊಂದು ಸೌಟು ಬಡಿಸಿಕೊಂಡ. "ಅಡುಗೆಯೋಳು ಏನು ಮಾಡಿದಳು, ಅದನ್ನ ಹೇಳು."